ಎನಿಡ್ ಅಕ್ರಾಯ್ಡ್‌ಳ ನಾಲಿಗೆ

ಥಾರ್ನ್‌ಕ್ಲಫ್‌ನ ವಿನಿಗರ್ ಕಾರ್ಖಾನೆಯಲ್ಲಿ ಎನಿಡ್ ಅಕ್ರಾಯ್ಡ್ ಮೂವತ್ತನಾಲ್ಕು ವರ್ಷ ದುಡಿದದ್ದು ಕೈಯಿಂದಲ್ಲ, ನಾಲಿಗೆಯಿಂದ. ಬೆಳಿಗ್ಗೆ ಎಂಟಕ್ಕೆ ಬಿಳಿ ಕೋಟು ತೊಟ್ಟು ಉದ್ದನೆಯ ಮೇಜಿನ ಮುಂದೆ ಕೂತರೆ, ಸಾಲಾಗಿ ಇಟ್ಟ ಪುಟ್ಟ ಬಟ್ಟಲುಗಳಿಂದ ಒಂದೊಂದೇ ಚಮಚ ಬಾಯಿಗೆ ಹಾಕಿಕೊಂಡು, ಒಂದು ಸುತ್ತು ತಿರುಗಿಸಿ, ಪಕ್ಕದ ಬೋಗುಣಿಗೆ ಉಗಿದು, ಚೀಟಿಯ ಮೇಲೆ ಎರಡು ಪದ ಬರೆಯುವುದು ಅವಳ ಕೆಲಸ. ಯಾವ ತೊಟ್ಟಿ ಹದಕ್ಕೆ ಬಂದಿದೆ, ಯಾವುದಕ್ಕೆ ಇನ್ನೂ ನಾಲ್ಕು ದಿನ ಬೇಕು, ಯಾವ ಪೀಪಾಯಿಯ ಹಲಗೆ ಒಳಗಿನಿಂದ ಕೊಳೆಯುತ್ತಿದೆ ಎಂಬುದನ್ನೆಲ್ಲ ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಕಾರ್ಖಾನೆಗೆ ಅಳತೆಯ ಯಂತ್ರ ಬಂದ ಮೇಲೂ ಮ್ಯಾನೇಜರು ಯಂತ್ರ ಹೇಳಿದ್ದು ಸರಿಯೋ ಅಂತ ಎನಿಡ್‌ಳನ್ನು ಕೇಳಿ ಬರುತ್ತಿದ್ದ.

ಆ ಊರಿನ ವಿನಿಗರ್ ಅಂದರೆ ಬಾರ್ಲಿಯ ಬಿಯರನ್ನೇ ಹುಳಿಯಾಗಲು ಬಿಟ್ಟು ಮಾಡುವುದು. ಬಿಯರ್ ಕುದಿಸುವ ಮೊದಲ ಶೆಡ್ಡಿನ ಕಡೆಗೆ ಎನಿಡ್ ಎಂದೂ ಹೋದವಳಲ್ಲ. ಹುಳಿಯಾಗುವ ಮೊದಲು ಅದು ಹೇಗಿರುತ್ತದೆಂದು ಅವಳಿಗೆ ತಿಳಿಯದು. ಹುಳಿ ತಿರುಗಿದ ಗಳಿಗೆಯಿಂದ ಮುಂದಿನದೆಲ್ಲ ಗೊತ್ತು. ಅವಳ ಅಮ್ಮ ಚಾಪೆಲ್‌ನ, ಅಂದರೆ ಕುಡಿತವನ್ನು ಪಾಪವೆನ್ನುವ ಪ್ರಾರ್ಥನಾಮಂದಿರದ, ಹೆಂಗಸು. ಕುಡುಕ ತಂದೆಯ ಕೈಯಲ್ಲಿ ಪೆಟ್ಟು ತಿಂದು ಬೆಳೆದವಳು. ಮಗಳಿಗೆ ಒಂಬತ್ತು ತುಂಬಿದ ದಿನ, ಮದ್ಯ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯ ಕಾರ್ಡಿಗೆ ಸಹಿ ಹಾಕಿಸಿ, ಕಟ್ಟು ಹಾಕಿಸಿ, ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದಳು. ಚಾಪೆಲ್ ಬೀದಿಯ ಮೂಲೆಯಲ್ಲಿ 'ಶಟಲ್' ಎಂಬ ಹಳೆಯ ಪಬ್ಬು ಇತ್ತು. ಅದರ ಮುಂದೆ ಹಾಯುವಾಗ ತಾಯಿ ಮಗಳಿಬ್ಬರೂ ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಪಬ್ಬು ಕಳೆದ ಮೇಲೆ ಮತ್ತೆ ಈಚೆಗೆ ಬರುತ್ತಿದ್ದರು. ಹೀಗೆ ಐವತ್ತು ವರ್ಷ.

ಎನಿಡ್ ಮದುವೆಯಾಗಲಿಲ್ಲ. ಅವಳಿಗೆ ಐವತ್ತೊಂಬತ್ತಾದಾಗ ಕಾರ್ಖಾನೆ ಮುಚ್ಚಿತು. ಮರುವರ್ಷ ಜನವರಿಯಲ್ಲಿ ತೊಂಬತ್ತೊಂದರ ಅಮ್ಮ ತೀರಿಕೊಂಡಳು. ಆಮೇಲೆ ಎನಿಡ್ ಅಡುಗೆ ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಒಬ್ಬಳಿಗಾಗಿ ಆಲೂಗಡ್ಡೆ ಸುಲಿಯಲು ಕೈ ಬರಲಿಲ್ಲ. ಬೆಳಿಗ್ಗೆ ಓಟ್ಸ್ ಗಂಜಿ, ಸಂಜೆ ಅದೇ ಪಾತ್ರೆಯ ತಳದ ಗಂಜಿ.

ಅದು ಮಾರ್ಚ್ ತಿಂಗಳ ಒಂದು ಗುರುವಾರ. ಪೇಟೆಗೆ ಹೋಗಬೇಕೆಂದು ಬಸ್ ನಿಲ್ದಾಣದಲ್ಲಿ ನಿಂತವಳಿಗೆ ಮುಕ್ಕಾಲು ಗಂಟೆಯಾದರೂ ಬಸ್ಸಿಲ್ಲ. ಗುಡ್ಡದ ಕಡೆಯಿಂದ ಆಲಿಕಲ್ಲು ಬೆರೆತ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಕೊಡೆ ಮಗುಚಿ ಹೋಯಿತು. ಬೆಳಗಿನಿಂದ ಏನೂ ತಿಂದಿರದಿದ್ದ ಎನಿಡ್‌ಗೆ ಕಣ್ಣು ಕತ್ತಲೆಯಿಟ್ಟಂತಾಗಿ, ಕೈಗೆ ಸಿಕ್ಕ ಬಾಗಿಲನ್ನು ತಳ್ಳಿದಳು. ಒಳಗೆ ಹೋದ ಮೇಲೇ ಅದು ಶಟಲ್ ಎಂದು ತಿಳಿದದ್ದು.

"ಬಾಗಿಲು ಹಾಕಮ್ಮಾ, ಚಳಿನೆಲ್ಲ ಒಳಗೆ ಕರ್ಕೊಂಡು ಬಂದಿದ್ದೀಯ!" ಎಂದು ಒಲೆಯ ಪಕ್ಕದಿಂದ ಒಂದು ದನಿ ಗದರಿತು. ಅವನು ಸೆಪ್ ಲಂಬ್. ಕಲ್ಲುಗಣಿಯಲ್ಲಿ ದುಡಿದು ನಿವೃತ್ತನಾದವನು. ಹನ್ನೊಂದೂವರೆಗೆ ಬಾಗಿಲು ತೆರೆಯುವುದನ್ನೇ ಹೊರಗೆ ಕಾಯುತ್ತಿದ್ದವನು.

"ಸುಮ್ನಿರು ಸೆಪ್, ಅವರ ಮುಖ ನೋಡು, ಸುಣ್ಣದ ಹಾಗಾಗಿದೆ," ಎಂದು ಕೌಂಟರಿನ ಹಿಂದಿನಿಂದ ಪಬ್ಬಿನ ಒಡತಿ ಮೇವಿಸ್ ಹೋಲ್ರಾಯ್ಡ್ ಓಡಿಬಂದಳು. "ಮಿಸ್ ಅಕ್ರಾಯ್ಡ್ ಅಲ್ವಾ? ಕೂತ್ಕೊಳ್ಳಿ ಚಿನ್ನಾ, ಇಲ್ಲೇ ಬೆಂಕಿ ಹತ್ರ. ಕೋಟು ಕೊಡಿ ಇಲ್ಲಿ. ಏನಾದ್ರೂ ತಿಂದಿದ್ದೀರಾ?"

"ನಾನು ಬಸ್ಸಿಗೆ..."

"ಬಸ್ಸು ಕೆಳಗಿನ ಸೇತುವೆ ಹತ್ರ ಕೆಟ್ಟು ನಿಂತಿದೆಯಂತೆ. ಅದು ಇವತ್ತು ಬರಲ್ಲ. ಪೈ ಬರುತ್ತೆ."

ಬಂತು. ಬಿಳಿಯ ದಪ್ಪ ತಟ್ಟೆಯಲ್ಲಿ ಹೊಂಬಣ್ಣಕ್ಕೆ ಬೆಂದ ಹಿಟ್ಟಿನ ಮುಚ್ಚಳ, ಅದರ ಅಂಚಿನಿಂದ ಉಕ್ಕಿ ಹರಿದ ಕಂದು ಗ್ರೇವಿ, ಪಕ್ಕದಲ್ಲಿ ಹಿಸುಕಿದ ಬಟಾಣಿ. ಎನಿಡ್ ತಲೆ ತಗ್ಗಿಸಿ ಪ್ರಾರ್ಥನೆ ಹೇಳಿಕೊಂಡು ಮುಚ್ಚಳ ಮುರಿದಳು. ಹಬೆ ಮುಖಕ್ಕೆ ಬಡಿಯಿತು. ಮೂರು ತಿಂಗಳಲ್ಲಿ ಯಾರೋ ತನಗಾಗಿ ಬೇಯಿಸಿದ ಮೊದಲ ಊಟ ಅದು. ಮೊದಲ ನಾಲ್ಕು ತುತ್ತು ಹೇಗೆ ಇಳಿದವೆಂದೇ ಗೊತ್ತಾಗಲಿಲ್ಲ. ಐದನೆಯದಕ್ಕೆ ನಾಲಿಗೆ ಎಚ್ಚರವಾಯಿತು.

"ಈ ಗ್ರೇವಿಗೆ ಏನು ಹಾಕಿದ್ದೀರಿ?"

"ದನದ ಮಾಂಸ, ಈರುಳ್ಳಿ, ಮತ್ತೆ ನಮ್ಮದೇ ಏಲ್ ಬಿಯರು, ಎರಡು ಪೈಂಟು," ಎಂದಳು ಮೇವಿಸ್ ಹೆಮ್ಮೆಯಿಂದ. ಹೇಳಿದ ಮೇಲೆ ತಾನು ಯಾರಿಗೆ ಏನು ಉಣಿಸಿದೆನೆಂದು ಅರಿವಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವರೇ! ಮಿಸ್ ಅಕ್ರಾಯ್ಡ್, ನನಗೆ ಹೊಳೀಲೇ ಇಲ್ಲ..."

ಸೆಪ್ ಬಿದ್ದು ಬಿದ್ದು ನಕ್ಕ. "ಮುಗೀತು! ಇಡೀ ಚಾಪೆಲ್ಲೇ ಇವತ್ತು ಮುಳುಗಿಹೋಯ್ತು!"

ಎನಿಡ್‌ಳ ಮುಖ ಕೆಂಪಾಯಿತು. ಆದರೆ ಫೋರ್ಕು ಕೆಳಗಿಡಲಿಲ್ಲ. ಹಸಿವು ಅಷ್ಟಿತ್ತು. ಇನ್ನೊಂದು ತುತ್ತು ಬಾಯಲ್ಲಿ ತಿರುಗಿಸಿ, ಮೂವತ್ತನಾಲ್ಕು ವರ್ಷದ ರೂಢಿಯ ದನಿಯಲ್ಲಿ ಹೇಳಿದಳು: "ನಿಮ್ಮ ಏಲ್ ವಿನಿಗರ್ ಕಡೆ ತಿರುಗಿದೆ. ಹೆಚ್ಚೇನಲ್ಲ. ಹತ್ತು ದಿನದಿಂದ ಇರಬಹುದು."

ನಗು ನಿಂತಿತು. ಸೆಪ್ ತನ್ನ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದ. "ಕೇಳಿದ್ಯಾ ಮೇವಿಸ್? ನಾನೇನು ಹೇಳ್ತಾ ಇದ್ದೆ? ನನ್ನ ಬಾಯಿ ಕೆಟ್ಟಿದೆ ಅಂದ್ಯಲ್ಲ!"

ಮೇವಿಸ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕೋಟು ಕೊಡುವಾಗಲೂ ಮುಖ ನೋಡಲಿಲ್ಲ. ಹೊಟ್ಟೆ ತುಂಬ ಉಂಡ ಮನೆಯಲ್ಲಿ ಕೊಂಕು ತೆಗೆದೆನಲ್ಲ ಎಂದು ಎನಿಡ್ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಮೇವಿಸ್ ನಿಂತಿದ್ದಳು, ಕೈಯಲ್ಲಿ ಟವೆಲ್ ಮುಚ್ಚಿದ ಹೂಜಿ. ಎದುರು ಮನೆಯ ಕಿಟಕಿಯ ಪರದೆ ಆಗಲೇ ಅಲುಗಾಡಿತ್ತು.

"ಒಳಗೆ ಬರ್ಲಾ, ಇಲ್ಲಾ ಇಡೀ ಬೀದಿಗೆ ಒಂದೊಂದು ಲೋಟ ಹಂಚ್ಲಾ?" ಎಂದಳು ಮೇವಿಸ್. ಒಳಗೆ ಬಂದು ಕೂತ ಮೇಲೆ ಆ ಬಿಗುವು ಉಳಿಯಲಿಲ್ಲ. "ನಿಮ್ಮ ಮೇಲೆ ಕೋಪ ಅಲ್ಲ, ಮಿಸ್ ಅಕ್ರಾಯ್ಡ್. ನೀವು ಹೇಳಿದ್ದು ನಿಜ ಅಂತಲೇ ಅಳು ಬಂದಿದ್ದು. ನೆಲಮಾಳಿಗೆ ನೋಡ್ಕೊಳ್ತಾ ಇದ್ದವರು ನನ್ನ ಗಂಡ ಆರ್ನಲ್ಡು. ನವೆಂಬರ್‌ನಲ್ಲಿ ಅವರಿಗೆ ಲಕ್ವ ಹೊಡೀತು. ಬಲಗೈ ಇಲ್ಲ, ಮಾತು ಇಲ್ಲ. ನನಗೆ ಅಡುಗೆ ಗೊತ್ತು, ಏಲ್ ಗೊತ್ತಿಲ್ಲ. ಅದು ಬಾಟಲಿ ಬಿಯರ್ ಥರ ಅಲ್ಲ ನೋಡಿ, ಪೀಪಾಯಿ ಒಳಗೆ ಇನ್ನೂ ಜೀವ ಇರುತ್ತೆ ಅದಕ್ಕೆ. ಮಗು ಥರ ನೋಡ್ಕೋಬೇಕು. ಜನ ಒಬ್ಬೊಬ್ಬರೇ ಬರೋದು ಬಿಡ್ತಿದ್ದಾರೆ. ಸೆಪ್ ಬರ್ತಾನೆ, ಬೈಯೋಕೆ."

"ನಾನು ಕುಡಿಯೋದಿಲ್ಲ, ಮಿಸೆಸ್ ಹೋಲ್ರಾಯ್ಡ್."

"ವಿನಿಗರ್ ಕುಡೀತಿದ್ರಾ?"

"ಛೇ! ಉಗಿಯೋದು."

"ಹಾಗಾದ್ರೆ ಇದನ್ನೂ ಉಗೀರಿ."

ಎನಿಡ್ ಗೋಡೆಯ ಮೇಲಿನ ಕಾರ್ಡನ್ನು ನೋಡಿದಳು. ಮುಟ್ಟುವುದಿಲ್ಲ ಎಂದು ಬರೆದಿತ್ತು, ನುಂಗುವುದಿಲ್ಲ ಎಂದಲ್ಲ. ಆ ದಿನ ಹೂಜಿಯನ್ನು ಹಾಗೇ ವಾಪಸು ಕಳಿಸಿ, ಕೊಡೆ ಹಿಡಿದು ಪಾದ್ರಿಯ ಮನೆಗೆ ನಡೆದಳು. ಪಾದ್ರಿ ಮಿಸ್ಟರ್ ಗ್ರೀನ್‌ಹಾಲ್ಷ್ ಇಳಿವಯಸ್ಸಿನವರು. ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು.

"ಎನಿಡ್, ಪ್ರತಿ ಮಂಗಳವಾರ ನಾನು ಮೇವಿಸ್ ಹತ್ರ ಪೈ ತಿಂತೀನಿ. ಗ್ರೇವಿಗೆ ಏನು ಹಾಕಿದ್ದೀಯ ಅಂತ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಕೇಳಬಾರದು ಅನ್ನೋ ಬುದ್ಧಿ ದೇವರು ನನಗೆ ಕೊಟ್ಟಿದ್ದಾನೆ. ಅಲ್ಲಿ ಮೇಲ್ಗಡೆ ಒಬ್ಬ ಮನುಷ್ಯ ಮಲಗಿದ್ದಾನೆ, ಕೆಳಗಡೆ ಅವನ ಹೆಂಡತಿ ಒಬ್ಬಳೇ ಒದ್ದಾಡ್ತಿದ್ದಾಳೆ. ನಿಮ್ಮ ಹತ್ರ ಇರೋ ವಿದ್ಯೆ ಈ ಊರಲ್ಲಿ ಇನ್ಯಾರ ಹತ್ರ ಇದೆ? ಹೋಗಿ."

ಹೋದಳು. ನೆಲಮಾಳಿಗೆಯ ಹನ್ನೆರಡು ಕಲ್ಲಿನ ಮೆಟ್ಟಿಲಿಳಿದು, ದೀಪದ ಗುಂಡಿ ಒತ್ತುವ ಮೊದಲೇ ಮೂಗು ಸುದ್ದಿ ಹೇಳಿತು.

"ಇಲ್ಲಿ ವಿನಿಗರ್ ಇಟ್ಟಿದ್ದೀರಾ?"

"ಇಲ್ವಲ್ಲ," ಎಂದಳು ಮೇವಿಸ್. "ಓ... ಮೊಟ್ಟೆ ಇದೆ."

ಮೂಲೆಯಲ್ಲಿ, ಏಲ್ ಪೀಪಾಯಿಗಳ ಪಕ್ಕದಲ್ಲೇ, ಎರಡು ದೊಡ್ಡ ಜಾಡಿ. ಬೇಯಿಸಿದ ಮೊಟ್ಟೆ ಒಂದರಲ್ಲಿ, ಸಣ್ಣ ಈರುಳ್ಳಿ ಇನ್ನೊಂದರಲ್ಲಿ, ಎರಡೂ ವಿನಿಗರ್‌ನಲ್ಲಿ ನೆನೆದು ಕೂತಿದ್ದವು. ಆರ್ನಲ್ಡ್‌ಗೆ ಮೆಟ್ಟಿಲು ಹತ್ತಲಾಗದ ದಿನಗಳಲ್ಲಿ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲೇ ಅವನಿಗೆ ಹಾಸಿಗೆ ಹಾಕಿದ್ದರಿಂದ ಅಲ್ಲಿದ್ದ ಜಾಡಿಗಳು ಕೆಳಗಿಳಿದಿದ್ದವು. ಆಮೇಲೆ ಅವನು ಮಹಡಿಗೆ ಹೋದರೂ ಜಾಡಿಗಳು ಮೇಲೆ ಬಂದಿರಲಿಲ್ಲ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಸುತ್ತ ಸಣ್ಣ ನೊಣಗಳು ಗುಂಯ್ ಎನ್ನುತ್ತಿದ್ದವು. ಜಾಡಿಯ ಮೇಲೆ ಕೂತು, ಅಲ್ಲಿಂದ ಹಾರಿ ಪೀಪಾಯಿಯ ನಲ್ಲಿಯ ಮೇಲೆ.

"ವಿನಿಗರ್ ತಾನಾಗೇ ಹರಡಲ್ಲ, ಇವುಗಳ ಕಾಲಿಗೆ ಅಂಟಿಕೊಂಡು ಹೋಗುತ್ತೆ," ಎಂದಳು ಎನಿಡ್. "ನಮ್ಮ ಕಾರ್ಖಾನೆಯಲ್ಲಿ ಇವನ್ನ ಕೆಲಸಗಾರರು ಅಂತ ಕರೀತಿದ್ವಿ. ಇಲ್ಲಿ ಇವರಿಗೆ ಕೆಲಸ ಬೇಡ."

ಎರಡು ದಿನ ಇಬ್ಬರೂ ಅಂಗಿಯ ತೋಳು ಮಡಚಿಕೊಂಡು ಉಜ್ಜಿದರು. ಜಾಡಿಗಳು ಮೇಲೆ ಹೋದವು. ಪೀಪಾಯಿಯ ನೆತ್ತಿಯಲ್ಲಿ ಗಾಳಿ ಬಿಡಲು ಸಿಕ್ಕಿಸುವ ಮರದ ಬೆಣೆಗಳನ್ನೆಲ್ಲ ಸುಟ್ಟು ಹೊಸದು ತರಿಸಿದರು. ಕೊಳವೆ ಕುದಿನೀರು ಕಂಡಿತು. ಹೊಸ ಪೀಪಾಯಿ ಬಂದಾಗ, ಅದನ್ನು ಅಲುಗಿಸದೆ ಮಲಗಿಸಿ, ಎಷ್ಟು ದಿನ ಬಿಡಬೇಕು, ಬೆಣೆಯನ್ನು ಯಾವಾಗ ಸಡಿಲಿಸಬೇಕು ಎಂಬುದನ್ನು ಆರ್ನಲ್ಡ್‌ನನ್ನೇ ಕೇಳಿದಳು. ಅವನಿಗೆ ಮಾತು ಬಾರದು. ಆದರೆ ಎಡಗೈ ಇತ್ತು. ಅವಳು ಹಾಸಿಗೆಯ ಪಕ್ಕ ಕೂತು "ಒಂದು ದಿನಾನಾ? ಎರಡಾ?" ಎನ್ನುವುದು, ಅವನು ಬೆರಳೆತ್ತುವುದು. ತಪ್ಪು ಕೇಳಿದರೆ ಹುಬ್ಬು ಗಂಟಿಕ್ಕುವುದು.

ಪೀಪಾಯಿ ಮಲಗಿಸಿದ ಮೂರನೆಯ ದಿನ ಮಧ್ಯಾಹ್ನ ನಲ್ಲಿ ತಿರುಗಿಸಿದಳು. ಬಾಯಿಗೆ ಹಾಕಿಕೊಂಡಳು. ಹುಳಿಯಾಗುವ ಮೊದಲು ಏಲ್ ಹೀಗಿರುತ್ತದೆಂದು ಅವಳಿಗೆ ಅರವತ್ತನೆಯ ವರ್ಷದಲ್ಲಿ ತಿಳಿಯಿತು. ಹುರಿದ ಬಾರ್ಲಿ, ಕಿತ್ತಳೆ ಸಿಪ್ಪೆಯ ಕಹಿ, ಎಲ್ಲೋ ಹಿಂದುಗಡೆ ಹುಲ್ಲಿನ ಒಣವಾಸನೆ. ಉಗಿಯುವ ಮೊದಲು ರೂಢಿಗಿಂತ ಎರಡು ಕ್ಷಣ ಹೆಚ್ಚು ಹಿಡಿದುಕೊಂಡಳು. ಆಮೇಲೆ ಅರ್ಧ ಪೈಂಟನ್ನು ಮಹಡಿಗೆ ಒಯ್ದಳು. ಆರ್ನಲ್ಡ್ ಎಡಗೈಯಲ್ಲಿ ಗ್ಲಾಸು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದ. ಆಚೆಯ ಚಾಪೆಲ್‌ನ ಹೆಂಚು ಗ್ಲಾಸಿನೊಳಗಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಗುಟುಕು ಕುಡಿದ. ಅರ್ಧ ಗಲ್ಲದಿಂದ ಇಳಿಯಿತು. ನಾಲ್ಕು ತಿಂಗಳಿಂದ ಒಂದು ಪದ ಆಡಿರದಿದ್ದ ಬಾಯಿ ತೊದಲುತ್ತ ತೊದಲುತ್ತ ಕೊನೆಗೆ ಒಂದನ್ನು ಹೊರಹಾಕಿತು: "ಸ... ರಿ."

ಮೇವಿಸ್ ಬಾಗಿಲ ಚೌಕಟ್ಟಿಗೆ ಒರಗಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದಿನಿಂದ ಶಟಲ್‌ನ ನೆಲಮಾಳಿಗೆ ಎನಿಡ್‌ಳದಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿಳಿಯುವಳು, ಹನ್ನೆರಡಕ್ಕೆ ಮೇಲೆ ಬಂದು ಒಲೆಯ ಪಕ್ಕದ ಮೇಜಿನಲ್ಲಿ ಊಟಕ್ಕೆ ಕೂರುವಳು. ಅವಳು ಪ್ರಾರ್ಥನೆಗೆ ತಲೆ ತಗ್ಗಿಸಿದಾಗ ಡಾಮಿನೊ ಆಡುವವರು ಕಾಯಿ ಕುಟ್ಟುವುದನ್ನು ನಿಲ್ಲಿಸುತ್ತಿದ್ದರು. ಮಿಸ್ ಅಕ್ರಾಯ್ಡ್ ಹೋಗಿ ಎನಿಡ್ ಆದಳು, ನೀವು ಹೋಗಿ ನೀನು ಬಂತು. ಬಿಟ್ಟುಹೋದವರು ಮರಳಿದರು, ಮೂರು ಊರಾಚೆಯಿಂದಲೂ ಏಲ್ ಕುಡಿಯಲು ಜನ ಬರತೊಡಗಿದರು. "ಒಂದು ಹನಿ ನುಂಗದ ಹೆಂಗಸು ನೋಡ್ಕೊಳ್ಳೋ ಏಲ್ ಕಣಯ್ಯಾ ಇದು," ಎಂದು ಸೆಪ್ ಬಂದವರಿಗೆಲ್ಲ ತಾನೇ ಮಾಡಿದವನಂತೆ ಹೇಳುತ್ತಿದ್ದ. ಆರ್ನಲ್ಡ್ ಇನ್ನೂ ಆರು ವರ್ಷ ಬದುಕಿದ. ಪ್ರತಿ ಹೊಸ ಪೀಪಾಯಿಯ ಮೊದಲ ಗ್ಲಾಸು ಅವನ ಕಿಟಕಿಗೇ ಹೋಗುತ್ತಿತ್ತು.

ಎನಿಡ್‌ಗೆ ಅರವತ್ತೆಂಟಾದ ಚಳಿಗಾಲ ಊರಿಗೆಲ್ಲ ಕೆಟ್ಟ ಜ್ವರ ಬಂತು. ಅವಳು ಮೂರು ವಾರ ಮಲಗಿದಳು. ಎದ್ದಳು, ನಡೆದಳು, ಆದರೆ ಟೀ ಬಿಸಿನೀರಾಗಿತ್ತು, ಬ್ರೆಡ್ಡು ಬಟ್ಟೆಯಾಗಿತ್ತು. ಮೊದಲು ನೆಗಡಿ ಅಂದುಕೊಂಡಳು. ಒಂದು ದಿನ ಗಾಬರಿಯಿಂದ ಕಪಾಟಿನ ವಿನಿಗರ್ ಬಾಟಲಿಯ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಏನೂ ಇಲ್ಲ. ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಗಂಟಲು ಉರಿಯಿತು, ಅಷ್ಟೇ. ಡಾಕ್ಟರು, "ಕೆಲವರಿಗೆ ವಾಪಸು ಬರುತ್ತೆ, ಕೆಲವರಿಗೆ ಇಲ್ಲ," ಎಂದರು.

ಅವಳು ಶಟಲ್‌ಗೆ ಹೋಗಲಿಲ್ಲ. ಇನ್ನೂ ಸುಸ್ತು ಎಂದು ಹೇಳಿ ಕಳಿಸಿದಳು. ಮತ್ತೆ ಓಟ್ಸ್ ಗಂಜಿ, ಮತ್ತೆ ತಳದ ಗಂಜಿ. ನಾಲಿಗೆಯೇ ಇಲ್ಲದ ಮೇಲೆ ಆ ಮೇಜಿನಲ್ಲಿ ಕೂತು ಯಾವ ಮುಖ ಹೊತ್ತು ಉಣ್ಣುವುದು ಎಂಬುದು ಅವಳ ಲೆಕ್ಕ.

ಹತ್ತನೆಯ ದಿನ ಹನ್ನೊಂದು ಗಂಟೆಗೆ ಸೆಪ್ ಬಂದ. ಚಾಪೆಲ್ ಬೀದಿಯ ಆ ಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಏನು ಕಾಯಿಲೆ ನಿಂದು? ನಿಜ ಹೇಳು."

ಎನಿಡ್ ಹೇಳಿದಳು. "ನನ್ನ ಹತ್ರ ಇದ್ದದ್ದು ಅದೊಂದೇ, ಸೆಪ್. ಈಗ ನಾನು ನಿಮಗೆ ಯಾವ ಕೆಲಸಕ್ಕೂ ಬರಲ್ಲ."

ಸೆಪ್ ಟೋಪಿಯನ್ನು ಮೇಜಿನ ಮೇಲಿಟ್ಟ. "ನನ್ನ ಹೆಂಡತಿ ಸತ್ತ ವರ್ಷ ನಾನು ಯಾರ ಹತ್ರವೂ ನೆಟ್ಟಗೆ ಮಾತಾಡ್ತಿರಲಿಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ಮೂಲೇಲಿ ಕೂತು ಎಲ್ಲರಿಗೂ ಬೈತಿದ್ದೆ. ಮೇವಿಸ್ ದಿನಾ ತಟ್ಟೆ ತಂದಿಡ್ತಿದ್ಲು. ನಾನು ಯಾವ ಕೆಲಸಕ್ಕೆ ಬರ್ತಿದ್ದೆ ಹೇಳು? ಗಣಿ ಮುಚ್ಚಿತ್ತು. ಈಗಲೂ ಯಾವ ಕೆಲಸಕ್ಕೆ ಬರ್ತೀನಿ? ನಿನ್ನ ನಾಲಿಗೆಗೆ ಊಟ ಹಾಕ್ತಿದ್ವಿ ಅಂದ್ಕೊಂಡ್ಯಾ, ಪೆದ್ದಿ? ಕೋಟು ಹಾಕ್ಕೋ. ಅವಳು ಆಗಲೇ ಬಡಿಸಿರ್ತಾಳೆ. ತಣ್ಣಗಾದ್ರೆ ನನ್ನನ್ನ ಬೈತಾಳೆ."

ಬೀದಿಯುದ್ದಕ್ಕೂ ಅವನ ತೋಳು ಹಿಡಿದು ನಡೆದಳು. ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಒಳಗೆ ಅವಳ ಕುರ್ಚಿ ಖಾಲಿಯಿತ್ತು. ಇಷ್ಟು ದಿನವೂ ಯಾರೂ ಅದರಲ್ಲಿ ಕೂತಿರಲಿಲ್ಲ. ಮೇವಿಸ್ ತಟ್ಟೆ ಇಟ್ಟು ಎದುರಿಗೆ ಕೂತಳು.

"ನನಗೆ ಏನೂ ಗೊತ್ತಾಗಲ್ಲ ಮೇವಿಸ್, ದಂಡ."

"ನಾನು ಹೇಳ್ತೀನಿ, ನೀನು ತಿನ್ನು. ಮೇಲಿನ ಹಿಟ್ಟು ಇವತ್ತು ಚೆನ್ನಾಗಿ ಪದರು ಬಿಟ್ಟಿದೆ, ಬೆಣ್ಣೆ ಜಾಸ್ತಿ ಹಾಕ್ದೆ. ಈರುಳ್ಳಿ ಕರಗಿ ಸಿಹಿಯಾಗಿದೆ. ಮೆಣಸು ಸ್ವಲ್ಪ ಮುಂದೆ. ಬಟಾಣಿಗೆ ಪುದೀನ."

ಎನಿಡ್ ತಿಂದಳು. ಹಿಟ್ಟು ಹಲ್ಲಿನಡಿ ಗರಿಗರಿ ಮುರಿಯಿತು, ಮಾಂಸ ಎಳೆಎಳೆಯಾಗಿ ಬಿಟ್ಟುಕೊಂಡಿತು, ಬಿಸಿ ಎದೆಗೆ ಇಳಿಯಿತು. ಇಷ್ಟು ವರ್ಷ ಬಾಯಿಗೆ ಬಂದದ್ದರಲ್ಲೆಲ್ಲ ಮೊದಲು ಹುಡುಕಿದ್ದು ಎಲ್ಲಿ ಕೆಟ್ಟಿದೆ, ಎಲ್ಲಿ ಕಡಿಮೆಯಾಗಿದೆ ಎಂಬುದನ್ನೇ. ಆ ಮಧ್ಯಾಹ್ನ ಹುಡುಕಲು ಏನೂ ಇರಲಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ತೆಗೆದುಕೊಂಡು ಉಂಡಳು. ಕಣ್ಣೀರು ತಟ್ಟೆಗೆ ಬಿತ್ತು. ಡಾಮಿನೊ ಆಡುವವರು ಕಾಣದವರಂತೆ ಕಾಯಿಗಳನ್ನೇ ನೋಡುತ್ತ ಕೂತರು.

ಊಟ ಮುಗಿಸಿ, "ಮೇವಿಸ್, ಅರ್ಧ ಪೈಂಟ್ ಕೊಡು," ಎಂದಳು.

"ನೋಡೋಕಾ?"

"ಕುಡಿಯೋಕೆ."

ಮೇವಿಸ್ ಕೈಪಂಪನ್ನು ಎರಡು ಸಲ ನಿಧಾನಕ್ಕೆ ಎಳೆದು, ನೊರೆ ಸಮವಾಗಿ ನಿಲ್ಲುವವರೆಗೆ ಕಾದು, ತಂದಿಟ್ಟಳು. ಎನಿಡ್ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಮ್ಮನ ನೆನಪಾಯಿತು. ಅಮ್ಮನಿಗೆ ಪೆಟ್ಟು ಕೊಟ್ಟದ್ದು ಈ ಮನೆಯಲ್ಲ, ಈ ಜನ ಅಲ್ಲ. ಈ ಜನರನ್ನು ಕಂಡಿದ್ದರೆ ಅಮ್ಮ ಪ್ರಾಯಶಃ ರಸ್ತೆ ದಾಟುತ್ತಿರಲಿಲ್ಲ, ಅಥವಾ ದಾಟುತ್ತಲೇ ಇದ್ದಳೋ ಏನೋ. ಅದು ಅಮ್ಮನಿಗೆ ಬಿಟ್ಟದ್ದು. ಸುತ್ತ ಒಮ್ಮೆ ನೋಡಿ, "ನಿಮಗೆಲ್ಲ ಥ್ಯಾಂಕ್ಸ್," ಎಂದು ಕುಡಿದಳು. ರುಚಿ ಸಿಗಲಿಲ್ಲ. ತಂಪು ಸಿಕ್ಕಿತು, ನಾಲಿಗೆಯ ಮೇಲೆ ಸಣ್ಣ ಚುರುಗುಟ್ಟುವಿಕೆ ಸಿಕ್ಕಿತು. ನುಂಗಿದಳು.

"ನೋಡ್ರಪ್ಪಾ," ಎಂದ ಸೆಪ್, "ರುಚಿ ಇದ್ದಾಗ ಉಗಿದ್ಲು, ರುಚಿ ಹೋದ್ಮೇಲೆ ನುಂಗಿದ್ಲು. ಇಂಥ ಹೆಂಗಸನ್ನ ಎಲ್ಲಾದ್ರೂ ಕಂಡಿದ್ದೀರಾ?" ಎಲ್ಲರಿಗಿಂತ ಜೋರಾಗಿ ನಕ್ಕದ್ದು ಎನಿಡ್.

ನೆಲಮಾಳಿಗೆಯ ಕೆಲಸವೂ ನಿಲ್ಲಲಿಲ್ಲ. ಮೂಗು ಹೋದರೂ ಕಣ್ಣಿತ್ತು, ಕಿವಿಯಿತ್ತು. ಬೆಣೆ ಸಡಿಲಿಸಿದಾಗ ಪೀಪಾಯಿ ಎಷ್ಟು ಹೊತ್ತು ಉಸ್ಸೆನ್ನುತ್ತದೆ ಎಂದು ಕಿವಿಯಿಟ್ಟು ಕೇಳಿದರೆ ಒಳಗಿನ ಜೀವ ಎಷ್ಟಿದೆಯೆಂದು ತಿಳಿಯುತ್ತಿತ್ತು. ಉಳಿದದ್ದಕ್ಕೆ ಸೆಪ್‌ನ ನಾಲಿಗೆಯನ್ನು ಎರವಲು ತೆಗೆದುಕೊಂಡಳು. ಆ ನಾಲಿಗೆಯನ್ನು ಪಳಗಿಸಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು. ರುಚಿ ಅವಳಿಗೆ ಪೂರ್ತಿ ಮರಳಲಿಲ್ಲ. ಕೆಲವು ಬೆಳಿಗ್ಗೆ ಉಪ್ಪು ಮಾತ್ರ ತಿಳಿಯುತ್ತಿತ್ತು, ಅದಕ್ಕೂ ದೇವರಿಗೆ ಕೈ ಮುಗಿಯುತ್ತಿದ್ದಳು. ಹೀಗೆ ಇನ್ನೂ ಒಂಬತ್ತು ವರ್ಷ ಅವಳು ಆ ಮೆಟ್ಟಿಲಿಳಿದಳು. ಕೊನೆಕೊನೆಗೆ ಮೊಣಕಾಲು ಕೈಕೊಟ್ಟಾಗ ಸೆಪ್ ಮುಂದೆ ಇಳಿಯುವುದು, ಅವಳು ಅವನ ಹೆಗಲು ಹಿಡಿದು ಹಿಂದೆ ಇಳಿಯುವುದು. ಬೆಳಗಿನ ಹೊತ್ತು ಶಟಲ್‌ನ ಹಿಂದಿನ ಅಂಗಳದಲ್ಲಿ ಹಾದುಹೋದವರಿಗೆ ನೆಲದಡಿಯಿಂದ ಅವರಿಬ್ಬರ ಜಗಳ ಕೇಳುತ್ತಿತ್ತು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋದು ರುಚಿಯಲ್ಲ ಸೆಪ್, ಅದು ಸೋಮಾರಿತನ. ಕಹಿ ಮೊದಲು ಬಂತಾ, ಆಮೇಲೆ ಬಂತಾ?"

"ಒಟ್ಟಿಗೇ ಬಂತು, ನಿನ್ನ ಹಾಗೆ."

"ಇನ್ನೊಂದು ಗುಟುಕು ಕುಡಿ. ಈ ಸಲ ಗಮನ ಇಟ್ಟು ಹೇಳು."